ಈಕ್ವಲೈಸ್ ಅಂದ್ರೆ ಎಂತ, ಎಲ್ಲಿ ಹಾಕ್ಬೇಕು, ಎಲ್ಲಿ ಹಾಕ್ಬಾರ್ದು: ಕಾಸರಗೋಡಿನ ಮಕ್ಕಳಿಗೆ ನಮ್ಮ ಕನ್ನಡದಲ್ಲೇ ಒಂದು ವಿವರಣೆ

ಮಿಕ್ಸಿ ಸಮ ಮಾಡ್ಲಿಕ್ಕೆ ಕೊಟ್ಟಿದ್ದೇನೆ. ಅಡಿಕೆ ಹಾಕುವ ಮೊದಲು ಅಂಗಳ ಸಮ ಮಾಡಿಸ್ಬೇಕು. ನೀನು ಹೇಳಿದ್ದು ಸಮ. ಲೆಕ್ಕ ಸಮ ಆಯ್ತು. ಲಾಸ್ಟ್ ಮಿನಿಟಿಗೆ ಗೋಲ್ ಹೊಡ್ದು ಸಮ ಮಾಡಿದ್ರು. ಮಂಜೇಶ್ವರದಿಂದ ಮುಳ್ಳೇರಿಯಾದವರೆಗೆ ಈ ಐದು ಮಾತೂ ದಿನಾ ಕೇಳ್ಲಿಕ್ಕೆ ಸಿಕ್ತದೆ, ಐದರಲ್ಲೂ ಸಮ ಅಂತ ಒಂದೇ ಶಬ್ದ, ಆದ್ರೆ ಇಂಗ್ಲಿಷಿಗೆ ಹೋದ ಕೂಡ್ಲೆ ಐದಕ್ಕೂ ಬೇರೆ ಬೇರೆ ಶಬ್ದ ಬೇಕಾಗ್ತದೆ, ಈಕ್ವಲೈಸ್ ಅನ್ನುದು ಆ ಕೊನೇದಕ್ಕೆ ಮಾತ್ರ ಹೊಂದುದು. ಕನ್ನಡ ಮೀಡಿಯಂ ಮಕ್ಕಳು ಎಡವುದು ಇಲ್ಲೇ. ಡಿಕ್ಷನರಿ ತೆಗೆದು ನೋಡಿದ್ರೆ ಈಕ್ವಲೈಸ್ ಅಂದ್ರೆ ಸಮ ಮಾಡು ಅಂತ ಇರ್ತದೆ, ಅದು ತಪ್ಪಲ್ಲ, ಆದ್ರೆ ಆ ಅರ್ಥ ಬರೆದವರ ಕನ್ನಡದಲ್ಲಿ ಸಮ ಮಾಡು ಅಂದ್ರೆ ರಿಪೇರಿ ಅಂತ ಅರ್ಥ ಇಲ್ಲ, ನಮ್ಮ ಕನ್ನಡದಲ್ಲಿ ಉಂಟು, ತುಳುವಿನಲ್ಲಿಯೂ ಉಂಟು. ಹಾಗಾಗಿ ಬೆಂಗಳೂರಿನ ಪುಸ್ತಕ ಓದಿ ಕಲಿತ್ರೆ ಸಾಕಾಗುದಿಲ್ಲ, ನಮ್ಮ ಮಾತಿನಿಂದಲೇ ಶುರು ಮಾಡ್ಬೇಕು ಅಂತ ನನಗೆ ಕಾಣ್ತದೆ. ಹೈಸ್ಕೂಲ್ ಮಕ್ಕಳು, ಪ್ಲಸ್ ಟೂ ಮಕ್ಕಳು, ಪಿಎಸ್‌ಸಿಗೆ ಓದುವವರು, ಯಾರು ಬೇಕಾದ್ರೂ ಇದನ್ನು ಇಟ್ಕೊಂಡು ಓದ್ಬಹುದು.

ಮೊದಲು ಸ್ಪೆಲ್ಲಿಂಗ್ ಮತ್ತೆ ಉಚ್ಚಾರ ಮುಗಿಸುವ

ಈಕ್ವಲ್ ಬರೆದು ಅದರ ಹಿಂದೆ ಐ, ಎಸ್, ಇ ಸೇರಿಸಿದ್ರೆ ಬ್ರಿಟಿಷ್ ರೀತಿ. ಎಸ್ ಇರುವಲ್ಲಿ ಜೆಡ್ ಹಾಕಿದ್ರೆ ಅಮೆರಿಕದ ರೀತಿ. ಇಂಗ್ಲೆಂಡಿನಲ್ಲೇ ಆಕ್ಸ್‌ಫರ್ಡಿನವರು ಜೆಡ್ ಹಾಕ್ತಾರೆ, ಹಾಗಾಗಿ ಜೆಡ್ ಕಂಡ ಕೂಡ್ಲೆ ತಪ್ಪು ಅಂತ ಹೇಳುವ ಹಾಗಿಲ್ಲ. ನಮ್ಮ ಪಾಠಪುಸ್ತಕದಲ್ಲಿ ಎಸ್ ಜಾಸ್ತಿ ಕಾಣ್ತದೆ, ಎಸ್ ಹಿಡ್ಕೊಳ್ಳಿ, ಆದ್ರೆ ಒಂದು ಪೇಪರಿನಲ್ಲಿ ಒಮ್ಮೆ ಎಸ್ ಇನ್ನೊಮ್ಮೆ ಜೆಡ್ ಬೇಡ. ಬರೆಯುದು ಎಸ್ ಆದ್ರೂ ಹೇಳುವಾಗ ಕೊನೆಗೆ ಬರುದು ಜೆಡ್ಡಿನ ಧ್ವನಿಯೇ, ಒತ್ತು ಮೊದಲ ಅಕ್ಷರಕ್ಕೆ, ಈ-ಕ್ವಲೈಝ್. ಇದೇ ಕುಟುಂಬದ ಬೇರೆ ಶಬ್ದಗಳಲ್ಲಿ ಒತ್ತು ಜಾಗ ಬಿಡ್ತದೆ, ಇಕ್ವಾಲಿಟಿ ಅನ್ನುವಾಗ ಎರಡನೇದಕ್ಕೆ ಒತ್ತು, ಇಕ್ವೇಟ್ ಅನ್ನುವಾಗಲೂ ಎರಡನೇದಕ್ಕೆ. ಈಕ್ವಲೈಸ್ಡ್ ಅಂದ್ರೆ ಆಗಿ ಹೋದದ್ದು, ಈಕ್ವಲೈಸಿಂಗ್ ಅಂದ್ರೆ ಆಗ್ತಾ ಇರುದು, ಈಕ್ವಲೈಸರ್ ಅಂದ್ರೆ ಸಮ ಮಾಡುವ ಗೋಲ್ ಅಥವಾ ಸಮ ಮಾಡುವ ಸಾಧನ, ಈಕ್ವಲೈಸೇಷನ್ ಅಂದ್ರೆ ಆ ಕೆಲಸದ ಹೆಸರು. ಇಷ್ಟು ಸಾಕು.

ಈಗ ಅರ್ಥ, ಮೂರು ಪ್ರಶ್ನೆ ಕೇಳಿ

ಈಕ್ವಲೈಸ್ ಹಾಕ್ಬೇಕು ಅಂತ ಕಂಡ್ರೆ ಪೆನ್ನು ಇಡುವ ಮೊದಲು ನಿಮಗೆ ನೀವೇ ಕೇಳ್ಬೇಕಾದ್ದು ಇದು. ಇಲ್ಲಿ ಎರಡು ಅಥವಾ ಜಾಸ್ತಿ ಪಕ್ಷ ಉಂಟಾ? ಅವುಗಳ ಮಧ್ಯೆ ಅಳೆಯುವ ಹಾಗಿನ ಯಾವುದಾದ್ರೂ ಒಂದು ವಿಷಯದಲ್ಲಿ ಹೆಚ್ಚು ಕಮ್ಮಿ ಉಂಟಾ, ಗೋಲಾ, ಪ್ರೆಷರಾ, ಸಂಬಳವಾ, ಪಾಲಾ? ಆ ಹೆಚ್ಚು ಕಮ್ಮಿಯನ್ನು ಯಾರಾದ್ರೂ ತೆಗೀತಾರಾ, ಅಥವಾ ತನ್ನಿಂದ ತಾನೇ ಹೋಗ್ತದಾ? ಮೂರಕ್ಕೂ ಹೌದು ಅಂತ ಬಂದ್ರೆ ಧೈರ್ಯದಲ್ಲಿ ಈಕ್ವಲೈಸ್ ಬರೀರಿ. ಒಂದಕ್ಕೆ ಇಲ್ಲ ಅಂತ ಬಂದ್ರೂ ಬೇರೆ ಶಬ್ದ ಹುಡುಕ್ಬೇಕು.

ಮಿಕ್ಸಿಗೆ ಹಾಕಿ ನೋಡಿ. ಮಿಕ್ಸಿ ಒಂದೇ, ಆಚೆ ಪಕ್ಷ ಯಾವುದೂ ಇಲ್ಲ, ಮೊದಲ ಪ್ರಶ್ನೆಯಲ್ಲೇ ಬಿತ್ತು, ಅದು ರಿಪೇರ್ ಅಥವಾ ಫಿಕ್ಸ್. ನೀನು ಹೇಳಿದ್ದು ಸಮ ಅನ್ನುವಾಗ ಯಾರೂ ಎಂತ ಮಾಡುದೂ ಇಲ್ಲ, ಅದು ಕರೆಕ್ಟ್ ಅಥವಾ ರೈಟ್. ಅಂಗಳದಲ್ಲಿ ಹೊಂಡ ದಿಬ್ಬ ಉಂಟು, ಹೆಚ್ಚು ಕಮ್ಮಿ ತೆಗೀತಾರೆ ಕೂಡ, ಹಾಗಾದ್ರೆ ಈಕ್ವಲೈಸ್ ಅಲ್ವಾ ಅಂತ ಕೇಳ್ಬಹುದು, ಹತ್ತಿರ ಬಂತು, ಆದ್ರೆ ನೆಲದ ವಿಷಯಕ್ಕೆ ಇಂಗ್ಲಿಷಿನಲ್ಲಿ ಬೇರೆಯೇ ಶಬ್ದ ರೂಢಿ ಆಗಿ ಹೋಗಿದೆ, ಲೆವೆಲ್. ಜೆಸಿಬಿಯವರು ಕೂಡ ಲೆವೆಲ್ ಮಾಡುದು ಅಂತಲೇ ಹೇಳುದು. ಲೆಕ್ಕ ಸಮ ಆಯ್ತು ಅಂದ್ರೆ ಟ್ಯಾಲಿ ಆಯ್ತು, ಸಾಲ ತೀರಿ ಸಮ ಆದ್ರೆ ಸೆಟ್ಲ್ ಆಯ್ತು. ಇನ್ನು ಅಪ್ಪ ಸಮಾ ಬೈದ್ರು ಅನ್ನುವ ಸಮಾಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಅದು ಚೆನ್ನಾಗಿ, ಜೋರಾಗಿ ಅನ್ನುವ ಅರ್ಥದ್ದು.

ಮಲಯಾಳಂ ಗೊತ್ತಿರುವವರಿಗೆ ಇನ್ನೊಂದು ಕಡೆ ಜಾರ್ತದೆ. ಮಲಯಾಳಂನಲ್ಲಿ ತುಲ್ಯಮಾಕ್ಕುಗ ಅಂದ್ರೆ ಸಮ ಮಾಡುದು, ಅಂದ್ರೆ ಈಕ್ವಲೈಸ್. ಕನ್ನಡದಲ್ಲಿ ತುಲನೆ ಮಾಡುದು ಅಂದ್ರೆ ಹೋಲಿಸಿ ನೋಡುದು, ಅಂದ್ರೆ ಕಂಪೇರ್. ಎರಡೂ ಒಂದೇ ಬೇರಿನ ಶಬ್ದ, ಕೆಲಸ ಬೇರೆ. ಕಂಪೇರ್ ಮಾಡಿದ್ರೆ ವ್ಯತ್ಯಾಸ ಕಾಣ್ತದೆ, ಈಕ್ವಲೈಸ್ ಮಾಡಿದ್ರೆ ವ್ಯತ್ಯಾಸ ಹೋಗ್ತದೆ. ನಾಲ್ಕು ಭಾಷೆ ಒಟ್ಟಿಗೆ ತಲೆಯಲ್ಲಿ ಓಡುವ ಮಕ್ಕಳಿಗೆ ಇದನ್ನು ಯಾರಾದ್ರೂ ಒಮ್ಮೆ ಬಿಡಿಸಿ ಹೇಳಿದ್ರೆ ಮತ್ತೆ ಮರೆಯುದಿಲ್ಲ, ಹೇಳುವವರು ಮಾತ್ರ ಬೇಕು.

ಫುಟ್‌ಬಾಲಿನಿಂದ ಕಲಿಯುದು ಎಲ್ಲಕ್ಕಿಂತ ಸುಲಭ

ನಮ್ಮ ಜಿಲ್ಲೆಯಲ್ಲಿ ಫುಟ್‌ಬಾಲ್ ಬಗ್ಗೆ ಹೇಳ್ಬೇಕಾ. ತೃಕ್ಕರಿಪುರ ಕಡೆಯಿಂದ ಇಂಡಿಯಾ ಟೀಮಿಗೆ ಆಡಿದ ಮೊಹಮ್ಮದ್ ರಾಫಿ ಬಂದದ್ದು, ವರ್ಲ್ಡ್ ಕಪ್ ಬಂದ್ರೆ ಉಪ್ಪಳದಿಂದ ಕಾಞಂಗಾಡಿನವರೆಗೆ ರಸ್ತೆ ಬದಿ ಪೂರಾ ಅರ್ಜೆಂಟೀನಾ ಬ್ರೆಜಿಲ್ ಫ್ಲೆಕ್ಸ್. ಹಾಗಾಗಿ 2022ರ ಡಿಸೆಂಬರ್ 18ರ ಫೈನಲನ್ನೇ ತೆಗೊಳ್ಳುವ, ನೋಡದವರು ಕಮ್ಮಿ.

ಅರ್ಜೆಂಟೀನಾ 23ನೇ ಮಿನಿಟಿನಲ್ಲಿ ಮೆಸ್ಸಿಯ ಪೆನಾಲ್ಟಿ, 36ನೇ ಮಿನಿಟಿನಲ್ಲಿ ಡಿ ಮರಿಯಾ, 2-0 ಮುಂದೆ. 80ನೇ ಮಿನಿಟಿನಲ್ಲಿ ಎಂಬಾಪೆ ಪೆನಾಲ್ಟಿ ಹೊಡೆದ, 2-1. ಇದು ಈಕ್ವಲೈಸರಾ? ಅಲ್ಲ. ಹೆಚ್ಚು ಕಮ್ಮಿ ಕಡಿಮೆ ಆಯ್ತು, ಆದ್ರೆ ಹೋಗ್ಲಿಲ್ಲ. ಇಂಥ ಗೋಲಿಗೆ ಇಂಗ್ಲಿಷ್ ಕಮೆಂಟ್ರಿಯಲ್ಲಿ ಪುಲ್ಡ್ ವನ್ ಬ್ಯಾಕ್ ಅಂತ ಹೇಳ್ತಾರೆ. 81ನೇ ಮಿನಿಟಿನಲ್ಲಿ ಅವನೇ ಇನ್ನೊಂದು ಹೊಡೆದ, 2-2, ಇದು ಈಕ್ವಲೈಸರ್. ಎಕ್ಸ್‌ಟ್ರಾ ಟೈಮಿನಲ್ಲಿ 108ನೇ ಮಿನಿಟಿಗೆ ಮೆಸ್ಸಿ ಹೊಡೆದು 3-2, 118ನೇ ಮಿನಿಟಿಗೆ ಎಂಬಾಪೆ ಮತ್ತೆ ಪೆನಾಲ್ಟಿ, 3-3, ಇದೂ ಈಕ್ವಲೈಸರ್. ಹ್ಯಾಟ್ರಿಕ್ ಆಯ್ತು, ಮೂರು ಗೋಲ್, ಆದ್ರೆ ಈಕ್ವಲೈಸರ್ ಎರಡೇ. ಶೂಟೌಟಿನಲ್ಲಿ ಅರ್ಜೆಂಟೀನಾ 4-2ಕ್ಕೆ ಗೆದ್ದದ್ದು ಎಲ್ಲರಿಗೂ ಗೊತ್ತು. ಸಮ ಆಗುವ ಆ ಕ್ಷಣಕ್ಕೆ ಮಾತ್ರ ಈ ಶಬ್ದ, ಮುಂದೆ ಹೋದದ್ದಕ್ಕೂ ಇಲ್ಲ, ಹತ್ತಿರ ಬಂದದ್ದಕ್ಕೂ ಇಲ್ಲ.

ವಾಕ್ಯ ಮಾಡುವಾಗ ಟೀಮನ್ನು ಅಥವಾ ಆಟಗಾರನನ್ನು ಮುಂದೆ ಹಾಕಿ. ಫ್ರಾನ್ಸ್ ಈಕ್ವಲೈಸ್ಡ್ ಇನ್ ದಿ ಏಯ್ಟಿ ಫಸ್ಟ್ ಮಿನಿಟ್. ಎಂಬಾಪೆ ಈಕ್ವಲೈಸ್ಡ್ ಫ್ರಮ್ ದಿ ಸ್ಪಾಟ್, ಅಂದ್ರೆ ಪೆನಾಲ್ಟಿಯಿಂದ. ಇಲ್ಲಿ ಈಕ್ವಲೈಸ್ಡ್ ಆದ ಮೇಲೆ ವಸ್ತು ಯಾವುದೂ ಬೇಕಾಗಿಲ್ಲ ಅನ್ನುದನ್ನು ಗಮನಿಸಿ, ಯಾವುದನ್ನು ಸಮ ಮಾಡಿದ ಅಂತ ಹೇಳುದೇ ಬೇಡ, ಸ್ಕೋರ್ ಅಂತ ಎಲ್ಲರಿಗೂ ಗೊತ್ತು. ಮ್ಯಾಚ್ ವಾಸ್ ಈಕ್ವಲೈಸ್ಡ್ ಅಂತ ಬರೆದ್ರೆ ಕಿವಿಗೆ ಹಿತ ಇಲ್ಲ, ದಿ ಸ್ಕೋರ್ಸ್ ವರ್ ಲೆವೆಲ್ ಅನ್ನಿ. ನಮ್ಮ ಕನ್ನಡ ಪೇಪರಿನವರು ಸಮಬಲ ಸಾಧಿಸಿತು ಅಂತ ಬರೀತಾರೆ, ಮಲಯಾಳಂ ಪೇಪರಿನಲ್ಲಿ ಸಮನಿಲ ಗೋಲ್ ಅಂತ ಇರ್ತದೆ, ಎರಡೂ ಈ ಈಕ್ವಲೈಸರೇ.

ಕ್ರಿಕೆಟಿಗೆ ಬಂದ್ರೆ ಜಾಗ್ರತೆ. ಅಲ್ಲಿ ಸೀರೀಸ್ 1-1 ಮಾಡಿದ್ರೆ ಲೆವೆಲ್ಡ್ ದಿ ಸೀರೀಸ್. ರೆಕಾರ್ಡಿಗೆ ಸಮ ಬಂದ್ರೆ ಈಕ್ವಲ್ಡ್ ದಿ ರೆಕಾರ್ಡ್, ಇಲ್ಲಿ ಈಕ್ವಲ್ ಅನ್ನುದನ್ನೇ ಕ್ರಿಯಾಪದ ಮಾಡಿ ಹಾಕುದು, ಬ್ರಿಟಿಷ್ ರೀತಿಯಲ್ಲಿ ಎರಡು ಎಲ್ ಬರೆಯುದು. 2023ರ ನವೆಂಬರ್ 5ಕ್ಕೆ ಈಡನ್ ಗಾರ್ಡನ್ಸಿನಲ್ಲಿ ಕೊಹ್ಲಿ 49ನೇ ಒನ್‌ಡೇ ಸೆಂಚುರಿ ಹೊಡೆದಾಗ ಹಿ ಈಕ್ವಲ್ಡ್ ತೆಂಡೂಲ್ಕರ್ಸ್ ರೆಕಾರ್ಡ್. ಹತ್ತು ದಿವಸ ಕಳೆದು ವಾಂಖೆಡೆಯಲ್ಲಿ 50ನೇದು ಹೊಡೆದಾಗ ಹಿ ಬ್ರೋಕ್ ಇಟ್. ನಮ್ಮ ತಳಂಗರೆಯ ಮೊಹಮ್ಮದ್ ಅಝರುದ್ದೀನ್ 2021ರ ಜನವರಿಯಲ್ಲಿ ಮುಂಬೈ ಮೇಲೆ 37 ಬಾಲಿಗೆ ಸೆಂಚುರಿ ಹೊಡೆದು 54 ಬಾಲಿಗೆ 137 ನಾಟೌಟ್ ಉಳಿದದ್ದು ನೆನಪಿರ್ಬಹುದು, 2010ರ ಐಪಿಎಲ್ಲಿನಲ್ಲಿ ಯೂಸುಫ್ ಪಠಾಣ್ ಸೆಂಚುರಿಯೂ 37 ಬಾಲಿಗೇ, ಹಾಗಾಗಿ ಅಝರುದ್ದೀನ್ ಈಕ್ವಲ್ಡ್ ಪಠಾಣ್ಸ್ ಥರ್ಟಿ ಸೆವೆನ್ ಬಾಲ್ಸ್ ಅಂತ ಬರೆಯುದು ಸರಿ. ಈಕ್ವಲೈಸ್ಡ್ ಅಂತ ಬರೆದ್ರೆ ತಪ್ಪು. ಒಬ್ಬ ಇನ್ನೊಬ್ಬನ ಮಟ್ಟಕ್ಕೆ ಮುಟ್ಟಿದ್ರೆ ಈಕ್ವಲ್, ಎರಡು ಪಕ್ಷದ ಮಧ್ಯದ ಅಂತರ ಅಳಿಸಿದ್ರೆ ಈಕ್ವಲೈಸ್. ಪಿಎಸ್‌ಸಿ ಮಾದರಿಯ ಪ್ರಶ್ನೆಯಲ್ಲಿ ಇವೆರಡನ್ನೂ ಆಪ್ಷನ್ ಕೊಟ್ರೆ ಅರ್ಧ ಜನ ತಪ್ಪುವ ಜಾಗ ಇದು, ಹಾಗಾಗಿ ಇನ್ನೊಮ್ಮೆ ಓದಿ.

ಕಿವಿ ಕಟ್ಟುದು

ಬಜ್ಪೆಯಿಂದ ಅಥವಾ ಕಣ್ಣೂರಿನಿಂದ ಗಲ್ಫಿಗೆ ಹೋಗಿ ಬರುವವರು ಇಲ್ಲದ ಮನೆ ನಮ್ಮಲ್ಲಿ ಕಮ್ಮಿ. ವಿಮಾನ ಇಳಿಯುವಾಗ ಕಿವಿ ಕಟ್ಟಿ ನೋವಾಗುದು ಉಂಟಲ್ಲ, ಅದನ್ನು ಬಿಡಿಸುದಕ್ಕೂ ಈಕ್ವಲೈಸ್ ಅಂತಲೇ ಹೇಳುದು. ಕಿವಿ ತಮಟೆಯ ಒಳಗೆ ಗಾಳಿ, ಹೊರಗೂ ಗಾಳಿ. ವಿಮಾನದ ಒಳಗೆ ಮೇಲೆ ಹೋದಾಗ ಇರುವ ಗಾಳಿ ಒತ್ತಡ ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದ ಗುಡ್ಡದಲ್ಲಿ ಇರುವಷ್ಟು, ಇಳಿಯುವಾಗ ಅದು ಜಾಸ್ತಿ ಆಗ್ತಾ ಬರ್ತದೆ, ಹೊರಗಿನ ಒತ್ತಡ ಒಳಗಿಗಿಂತ ಹೆಚ್ಚಾಗಿ ತಮಟೆಯನ್ನು ಒಳಗೆ ದೂಡ್ತದೆ. ಕಿವಿಯಿಂದ ಗಂಟಲಿಗೆ ಒಂದು ಸಪುರ ನಾಳ ಉಂಟು, ಎಂಜಲು ನುಂಗಿದಾಗ, ಆಕಳಿಸಿದಾಗ, ಎಂತಾದ್ರೂ ಜಗಿದಾಗ ಅದು ತೆರೆದು ಒಳಗೂ ಹೊರಗೂ ಒತ್ತಡ ಸಮ ಆಗ್ತದೆ. ಟಪ್ ಅಂತ ಒಂದು ಶಬ್ದ ಬಂದು ಎಲ್ಲ ಸ್ಪಷ್ಟ ಕೇಳ್ತದಲ್ಲ, ಅದೇ.

ಯಾಕೆ ಇಷ್ಟು ಹೇಳಿದೆ ಅಂದ್ರೆ ಇಲ್ಲಿ ಎರಡು ರೀತಿಯ ವಾಕ್ಯವೂ ಆಗ್ತದೆ. ಸ್ವಾಲೋಯಿಂಗ್ ಈಕ್ವಲೈಸಸ್ ದಿ ಪ್ರೆಷರ್ ಇನ್ ಯುವರ್ ಇಯರ್ಸ್, ಅಂದ್ರೆ ನುಂಗುದು ಒತ್ತಡವನ್ನು ಸಮ ಮಾಡ್ತದೆ. ವೆಯ್ಟ್ ಫಾರ್ ದಿ ಪ್ರೆಷರ್ ಟು ಈಕ್ವಲೈಸ್, ಅಂದ್ರೆ ಒತ್ತಡ ತಾನೇ ಸಮ ಆಗ್ಲಿಕ್ಕೆ ಕಾಯಿರಿ. ಕನ್ನಡದಲ್ಲಿ ಸಮ ಮಾಡುದು, ಸಮ ಆಗುದು ಅಂತ ಎರಡು ಬೇರೆ ಮಾತು, ಇಂಗ್ಲಿಷಿನಲ್ಲಿ ಎರಡಕ್ಕೂ ಈಕ್ವಲೈಸ್ ಒಂದೇ. ಇದರ ಮಧ್ಯೆ ಒಂದು ಉಪಕಾರದ ಮಾತು, ಶೀತ ಜೋರಿದ್ದಾಗ ಆ ನಾಳ ಬಾತಿರ್ತದೆ, ಮೂಗು ಮುಚ್ಚಿ ಜೋರಾಗಿ ಊದಿ ಕಿವಿ ಬಿಡಿಸ್ಲಿಕ್ಕೆ ಹೋಗ್ಬೇಡಿ, ಡಾಕ್ಟರಿಗೆ ತೋರಿಸಿಯೇ ವಿಮಾನ ಹತ್ತಿ, ಸಣ್ಣ ಮಕ್ಕಳಿಗೆ ಇಳಿಯುವ ಹೊತ್ತಿಗೆ ಹಾಲು ಕುಡಿಸಿದ್ರೆ ನುಂಗಿ ನುಂಗಿ ಸಮ ಆಗ್ತದೆ. ಸಮುದ್ರದಲ್ಲಿ ಸ್ಕೂಬಾ ಮಾಡುವವರಿಗೂ ಇದೇ ಶಬ್ದ, ಮುರ್ಡೇಶ್ವರದ ಹತ್ತಿರ ನೇತ್ರಾಣಿಗೆ ಹೋದ್ರೆ ನೀರಿಗೆ ಇಳಿಸುವ ಮೊದಲೇ ಈಕ್ವಲೈಸ್ ಮಾಡುದು ಹೇಗೆ ಅಂತ ಕಲಿಸ್ತಾರೆ, ಯಾಕೆಂದ್ರೆ ಹತ್ತು ಮೀಟರ್ ಇಳಿದ್ರೆ ಸಾಕು ಒತ್ತಡ ಮೇಲಿನದ್ದರ ಎರಡರಷ್ಟು ಆಗ್ತದೆ.

ಮೈಕ್ ಸೆಟ್ಟಿನ ಈಕ್ವಲೈಸರ್

ಇದು ನನಗೆ ಬಹಳ ಇಷ್ಟದ ಭಾಗ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ನಮ್ಮ ಕುಂಬಳೆ, ಯಕ್ಷಗಾನ ಇಲ್ಲದ ತಿಂಗಳು ಇಲ್ಲ, ತಾಳಮದ್ದಳೆ, ಭಜನೆ, ಒಂದಲ್ಲ ಒಂದು ಕಡೆ ಮೈಕ್ ಇದ್ದೇ ಇರ್ತದೆ. ಸೌಂಡಿನವರ ಮೇಜಿನ ಮೇಲೆ ಸಾಲಾಗಿ ಮೇಲೆ ಕೆಳಗೆ ಜಾರುವ ಗುಬ್ಬಿಗಳ ಒಂದು ಪೆಟ್ಟಿಗೆ ನೋಡಿರ್ತೀರಿ, ಅದು ಗ್ರಾಫಿಕ್ ಈಕ್ವಲೈಸರ್. ಎಡ ಬದಿಯಲ್ಲಿ ದಪ್ಪ ಸ್ವರ, ಬಲ ಬದಿಗೆ ಹೋದ ಹಾಗೆ ಸಪುರ ಸ್ವರ. ದೊಡ್ಡದರಲ್ಲಿ ಒಂದು ಸಾಲಿಗೆ 31 ಗುಬ್ಬಿ, ಸಣ್ಣದರಲ್ಲಿ 10, ಮೊಬೈಲಿನ ಸೌಂಡ್ ಸೆಟ್ಟಿಂಗಿನಲ್ಲಿ ಐದೋ ಎಂಟೋ ಇರ್ತದೆ. ಮನುಷ್ಯನ ಕಿವಿಗೆ ಕೇಳುದು ಸುಮಾರು 20 ಹರ್ಟ್ಸಿನಿಂದ 20,000 ಹರ್ಟ್ಸಿನವರೆಗೆ, ಅದನ್ನು ತುಂಡು ತುಂಡು ಮಾಡಿ ಒಂದೊಂದು ತುಂಡಿಗೆ ಒಂದೊಂದು ಗುಬ್ಬಿ.

ಈಗ ಒಂದು ಸಂಶಯ ಬರ್ಬೇಕು. ಗುಬ್ಬಿಗಳೆಲ್ಲ ಒಂದೇ ಗೆರೆಯಲ್ಲಿ ಇರುದೇ ಇಲ್ಲ, ಒಂದು ಮೇಲೆ ಒಂದು ಕೆಳಗೆ, ಹಾಗಿರುವಾಗ ಇದಕ್ಕೆ ಸಮ ಮಾಡುವ ಪೆಟ್ಟಿಗೆ ಅಂತ ಹೆಸರು ಯಾಕೆ? ಇದು ಹುಟ್ಟಿದ್ದು ಟೆಲಿಫೋನಿನಿಂದ. ಉದ್ದದ ತಂತಿಯಲ್ಲಿ ಮಾತು ಹೋಗುವಾಗ ಸಪುರ ಸ್ವರ ದಾರಿಯಲ್ಲೇ ಜಾಸ್ತಿ ಕಳೆದು ಹೋಗ್ತಿತ್ತು, ಆಚೆ ಕಡೆ ಮಬ್ಬು ಮಬ್ಬು ಕೇಳ್ತಿತ್ತು. ಕಮ್ಮಿ ಆದ ಸ್ವರವನ್ನು ಅಷ್ಟೇ ಎತ್ತಿ ಕೊಟ್ಟು ಇಲ್ಲಿ ಮಾತಾಡಿದ್ದಕ್ಕೂ ಅಲ್ಲಿ ಕೇಳಿದ್ದಕ್ಕೂ ಸಮ ಬರುವ ಹಾಗೆ ಮಾಡುವ ಸರ್ಕ್ಯೂಟ್ ಮಾಡಿದ್ರು, ಅದಕ್ಕೇ ಈಕ್ವಲೈಸರ್. ಅಂದ್ರೆ ಸಮ ಮಾಡುದು ಗುಬ್ಬಿಯನ್ನಲ್ಲ, ಭಾಗವತರ ಬಾಯಿಯಿಂದ ಹೊರಟ ಸ್ವರವನ್ನೂ ಕೊನೆಯ ಸಾಲಿನಲ್ಲಿ ಕುರ್ಚಿ ಹಾಕಿ ಕೂತವರ ಕಿವಿಗೆ ಬಿದ್ದ ಸ್ವರವನ್ನೂ. ಸಭಾಭವನದ ಶೀಟ್ ಮಾಡು ಕೆಲವು ಸ್ವರವನ್ನು ಎಬ್ಬಿಸ್ತದೆ, ಅದನ್ನು ಇಳಿಸ್ಬೇಕು, ಮೈಕ್ ಕುಂಯ್ ಅಂತ ಕೂಗುದು ಯಾವ ಗುಬ್ಬಿಯ ಜಾಗದಲ್ಲಿ ಅಂತ ಹುಡುಕಿ ಅದೊಂದನ್ನೇ ಇಳಿಸಿದ್ರೆ ಉಳಿದದ್ದನ್ನು ಮುಟ್ಟುದೇ ಬೇಡ. ಒಳ್ಳೆ ಸೌಂಡಿನವರು ಮೊದಲು ಎಲ್ಲವನ್ನೂ ಮಧ್ಯದಲ್ಲಿ ಇಟ್ಟು ಕೇಳ್ತಾರೆ, ಮತ್ತೆ ಬೇಡದ್ದನ್ನು ಇಳಿಸ್ತಾರೆ, ಎತ್ತುದು ಕೊನೆಗೆ, ಅದೂ ಸ್ವಲ್ಪ. ಚೆಂಡೆ ಇರುವಲ್ಲಿ ಎಲ್ಲವನ್ನೂ ಎತ್ತಿ ಇಟ್ಟ್ರೆ ಪದ್ಯದ ಸಾಹಿತ್ಯ ಒಂದೂ ಕೇಳುದಿಲ್ಲ, ಎಷ್ಟೋ ಆಟಗಳು ಹೀಗೆ ಹಾಳಾಗ್ತವೆ, ಸಂಘಟಕರು ಇದನ್ನು ಗಮನಿಸ್ಬೇಕು ಅಂತ ಕೈಮುಗಿದು ಕೇಳ್ತೇನೆ.

ಇಂಗ್ಲಿಷಿನಲ್ಲಿ ಈ ಸಾಧನಕ್ಕೆ ಈಕ್ವಲೈಸರ್, ಚುಟುಕಾಗಿ ಇಕ್ಯೂ. ಕೆಲಸಕ್ಕೆ ಈಕ್ವಲೈಸೇಷನ್.

ಇನ್ವರ್ಟರ್ ಬ್ಯಾಟರಿ

ಮಳೆಗಾಲದಲ್ಲಿ ಕರೆಂಟ್ ಹೋಗಿ ಹೋಗಿ ಬರುವ ಊರು ನಮ್ಮದು, ಇನ್ವರ್ಟರ್ ಮ್ಯಾನ್ಯುವಲಿನಲ್ಲಿ ಈಕ್ವಲೈಸ್ ಚಾರ್ಜ್ ಅಥವಾ ಈಕ್ವಲೈಸೇಷನ್ ಅಂತ ಕಂಡ್ರೆ ಇದು. 12 ವೋಲ್ಟ್ ಬ್ಯಾಟರಿಯ ಒಳಗೆ ಆರು ಸೆಲ್, ಒಂದೊಂದು ಎರಡು ವೋಲ್ಟಿಗಿಂತ ಸ್ವಲ್ಪ ಮೇಲೆ. ವರ್ಷ ಕಳೆದ ಹಾಗೆ ಕೆಲವು ಸೆಲ್ ಪೂರ್ತಿ ಚಾರ್ಜ್ ಆಗ್ತದೆ, ಕೆಲವು ಹಿಂದೆ ಉಳೀತದೆ, ಆಸಿಡ್ ದಪ್ಪಗಿನದ್ದು ಅಡಿಯಲ್ಲಿ ಕೂತು ಮೇಲೆ ತೆಳು ಆಗ್ತದೆ. ಆಗ ಸಾಮಾನ್ಯ ಚಾರ್ಜಿಗಿಂತ ಸ್ವಲ್ಪ ಜಾಸ್ತಿ ವೋಲ್ಟೇಜಿನಲ್ಲಿ ಒಂದಷ್ಟು ಹೊತ್ತು ಇಟ್ರೆ ಗುಳ್ಳೆ ಎದ್ದು ಆಸಿಡ್ ಕಲಕಿ ಸೆಲ್‌ಗಳೆಲ್ಲ ಒಂದೇ ಮಟ್ಟಕ್ಕೆ ಬರ್ತವೆ. ನೀರು ಹಾಕುವ ಬ್ಯಾಟರಿಗೆ ಮಾತ್ರ ಇದು, ಸೀಲ್ ಮಾಡಿದ ಬ್ಯಾಟರಿಗೆ ಮಾಡಿದ್ರೆ ಬ್ಯಾಟರಿ ಹೋಯ್ತು. ಹೈಡ್ರೋಜನ್ ಗ್ಯಾಸ್ ಬರ್ತದೆ, ಕಿಟಕಿ ತೆರೆದಿಡಿ, ದೀಪ ಬೆಂಕಿ ಹತ್ತಿರ ಬೇಡ, ಗೊತ್ತಿಲ್ಲದಿದ್ರೆ ಮೆಕ್ಯಾನಿಕನ್ನೇ ಕರೀರಿ. ನಮ್ಮ ಮೂರು ಪ್ರಶ್ನೆ ಇಲ್ಲಿಯೂ ಹೊಂದುತ್ತದಾ ನೋಡಿ, ಪಕ್ಷ ಆರು, ಅಳತೆ ಚಾರ್ಜ್, ಅಂತರ ತೆಗೆಯುದು ಚಾರ್ಜರ್.

ಪಾಲು, ಸಂಬಳ, ಟ್ಯಾಕ್ಸ್

ಕೋರ್ಟು ಆಫೀಸಿನ ಇಂಗ್ಲಿಷಿನಲ್ಲೂ ಇದು ಬರ್ತದೆ. ಅಣ್ಣ ತಮ್ಮ ಪಾಲಾಗುವಾಗ ಒಬ್ಬನಿಗೆ ನೀರು ಇರುವ ತೋಟ, ಇನ್ನೊಬ್ಬನಿಗೆ ಒಣ ಗುಡ್ಡೆ ಬಂತು ಅಂತ ಇಟ್ಕೊಳ್ಳಿ. ಜಾಗವನ್ನು ಇನ್ನೂ ತುಂಡು ಮಾಡ್ಲಿಕ್ಕೆ ಆಗುದಿಲ್ಲ, ಹಾಗಾಗಿ ತೋಟ ಸಿಕ್ಕಿದವ ಗುಡ್ಡೆ ಸಿಕ್ಕಿದವನಿಗೆ ಇಷ್ಟು ಹಣ ಕೊಡ್ಬೇಕು ಅಂತ ಪಾಲುಪಟ್ಟಿಯಲ್ಲಿ ಬರೀತಾರೆ. ಟು ಈಕ್ವಲೈಸ್ ದಿ ಶೇರ್ಸ್ ಅಂದ್ರೆ ಅದು. ಆ ಹಣಕ್ಕೆ ವಕೀಲರ ಭಾಷೆಯಲ್ಲಿ ಓವೆಲ್ಟಿ ಅಂತ ಹೆಸರು. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೆಲಸಕ್ಕೆ ಬೇರೆ ಬೇರೆ ಸಂಬಳ ಇದ್ದದ್ದನ್ನು ಸರಿಪಡಿಸಿದ್ರೆ ದೇ ಈಕ್ವಲೈಸ್ಡ್ ದಿ ವೇಜಸ್. 1976ರಲ್ಲಿ ಬಂದಿದ್ದ ಸಮಾನ ವೇತನ ಕಾಯ್ದೆಯ ಹೆಸರಿನಲ್ಲಿ ಈಕ್ವಲೈಸ್ ಇರ್ಲಿಲ್ಲ, ಈಕ್ವಲ್ ಇತ್ತು, ಈಕ್ವಲ್ ರೆಮ್ಯುನರೇಷನ್ ಆ್ಯಕ್ಟ್. ಈಕ್ವಲ್ ಅಂದ್ರೆ ಇರ್ಬೇಕಾದ ಸ್ಥಿತಿ, ಈಕ್ವಲೈಸ್ ಅಂದ್ರೆ ಅಲ್ಲಿಗೆ ಮುಟ್ಟಿಸುವ ಕೆಲಸ.

ಪಿಎಸ್‌ಸಿ ಬರೆಯುವವರಿಗೆ ಒಂದು ಸಣ್ಣ ನೋಟ್. ಈಕ್ವಲೈಸೇಷನ್ ಲೆವಿ ಅನ್ನುದು 2016ರ ಜೂನ್ 1ರಿಂದ ಬಂದ ಟ್ಯಾಕ್ಸ್, ಇಲ್ಲಿ ಆಫೀಸೇ ಇಲ್ಲದ ವಿದೇಶಿ ಕಂಪೆನಿಗಳಿಗೆ ಆನ್‌ಲೈನ್ ಜಾಹೀರಾತಿಗೆ ಕೊಡುವ ಹಣದ ಮೇಲೆ 6 ಪರ್ಸೆಂಟ್. ಇಲ್ಲಿನ ಕಂಪೆನಿ ಟ್ಯಾಕ್ಸ್ ಕಟ್ತದೆ, ಅವರು ಕಟ್ಟುದಿಲ್ಲ, ಆ ಅಂತರ ತೆಗೀಲಿಕ್ಕೆ ಆ ಹೆಸರು. 2020ರಲ್ಲಿ ಇ-ಕಾಮರ್ಸಿಗೆ 2 ಪರ್ಸೆಂಟ್ ಸೇರಿಸಿದ್ರು, ಅದನ್ನು 2024ರ ಆಗಸ್ಟ್ 1ರಿಂದ ತೆಗೆದ್ರು, 6 ಪರ್ಸೆಂಟಿನದ್ದನ್ನು 2025ರ ಏಪ್ರಿಲ್ 1ರಿಂದ ತೆಗೆದ್ರು.

ಅಕ್ಕ ಪಕ್ಕದ ಶಬ್ದಗಳು

ಇಕ್ವೇಟ್ ಜೊತೆ ಗೊಂದಲ ಮಾಡ್ಬೇಡಿ. ಇಕ್ವೇಟ್ ಮಾಡುದು ತಲೆಯ ಒಳಗೆ, ಎರಡು ವಿಷಯ ಒಂದೇ ಅಂತ ಭಾವಿಸುದು, ಹೊರಗೆ ಎಂತದ್ದೂ ಬದಲಾಗುದಿಲ್ಲ. ಮಾರ್ಕನ್ನೂ ಬುದ್ಧಿಯನ್ನೂ ಒಂದೇ ಅಂತ ಎಣಿಸುವವರು ದೇ ಇಕ್ವೇಟ್ ಮಾರ್ಕ್ಸ್ ವಿತ್ ಇಂಟೆಲಿಜೆನ್ಸ್. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದು, ಅಂದಿನಿಂದ ಕೇರಳದವರು ಅಂದ್ರೆ ಮಲಯಾಳಿಗಳು ಅಂತ ಹೊರಗಿನವರು ತಿಳ್ಕೊಳ್ತಾರೆ, ಮನೆಯಲ್ಲಿ ಕನ್ನಡ ತುಳು ಮಾತಾಡುವ ನಮಗೆ ಇದು ನೋವಿನ ವಿಷಯವೇ. ಅವರಿಗೆ ಹೇಳ್ಲಿಕ್ಕೆ ಸರಿಯಾದ ವಾಕ್ಯ ಇದು: ಪ್ಲೀಸ್ ಡೋಂಟ್ ಇಕ್ವೇಟ್ ಕೇರಳ ವಿತ್ ಮಲಯಾಳಂ ಅಲೋನ್. ಇಕ್ವೇಟಿಗೆ ವಿತ್ ಬರ್ತದೆ, ಗಮನಿಸಿ. ಈಕ್ವಲೈಸಿಗೆ ಟು ಹಾಕ್ಲಿಕ್ಕೆ ಹೋಗ್ಬೇಡಿ, ಇದಕ್ಕೆ ಸಮ, ಅದಕ್ಕೆ ಸಮ ಅನ್ನುವ ನಮ್ಮ ಗೆ ಮತ್ತೆ ಕ್ಕೆ ಆ ಟುವನ್ನು ಎಳ್ಕೊಂಡು ಬರ್ತದೆ. ಈಕ್ವಲ್ ಟು ಸರಿ, ಈಕ್ವಲೈಸ್ ಟು ಬೇಡ. ಈಕ್ವಲೈಸ್ ಆದ ಮೇಲೆ ನೇರ ವಸ್ತು ಬರ್ಲಿ, ಮತ್ತೆ ಬಿಟ್ವೀನ್ ಅಥವಾ ಅಕ್ರಾಸ್ ಬರ್ಲಿ. ಈಕ್ವಲೈಸ್ ಆಪರ್ಚುನಿಟೀಸ್ ಅಕ್ರಾಸ್ ಡಿಸ್ಟ್ರಿಕ್ಟ್ಸ್.

ಬೇರೆ ಬೇರೆ ಬೋರ್ಡಿನಲ್ಲಿ ಪ್ಲಸ್ ಟೂ ಮಾಡಿದ ಮಕ್ಕಳ ಮಾರ್ಕು ಎಂಟ್ರೆನ್ಸ್ ರ‍್ಯಾಂಕಿಗೆ ಹೊಂದಿಸುದಕ್ಕೆ ನಾರ್ಮಲೈಸೇಷನ್ ಅನ್ನುದು, ಎಲ್ಲರಿಗೂ ಒಂದೇ ಮಾರ್ಕು ಕೊಡುದಲ್ಲ, ಒಂದೇ ಅಳತೆಗೆ ತರುದು. ಬ್ಯಾಲೆನ್ಸ್ ಅಂದ್ರೆ ತೂಕ ತಪ್ಪದ ಹಾಗೆ ನಿಲ್ಲಿಸುದು, ಎರಡು ಬದಿ ಒಂದೇ ಅಷ್ಟು ಇರ್ಬೇಕು ಅಂತಿಲ್ಲ.

ಬಿಸು ಹಬ್ಬದ ಹೆಸರಿನಲ್ಲಿ ಕೂಡ ಇದೇ ಸಮ ಉಂಟು ಅಂತ ಎಷ್ಟು ಜನಕ್ಕೆ ಗೊತ್ತೋ. ಬಿಸು ಅನ್ನುದು ವಿಷುವತ್ ಶಬ್ದದಿಂದ ಬಂದದ್ದು, ವಿಷುವತ್ ಅಂದ್ರೆ ಹಗಲು ರಾತ್ರಿ ಸಮ ಇರುವ ಹೊತ್ತು, ಇಂಗ್ಲಿಷಿನ ಇಕ್ವಿನಾಕ್ಸ್. ಈಗ ಆ ದಿವಸ ಮಾರ್ಚ್ 20ರ ಆಸುಪಾಸಿಗೆ ಬರ್ತದೆ, ನಾವು ಕಣಿ ಇಡುದು ಏಪ್ರಿಲ್ ಮಧ್ಯಕ್ಕೆ. ಭೂಮಿಯ ಅಕ್ಷ ನಿಧಾನಕ್ಕೆ ತಿರುಗುದರಿಂದ ಶತಮಾನಗಳಲ್ಲಿ ಇಷ್ಟು ಅಂತರ ಬಿದ್ದದ್ದು.

ಇನ್ನು ದಿ ಗ್ರೇಟ್ ಈಕ್ವಲೈಸರ್ ಅನ್ನುವ ಒಂದು ಪ್ರಯೋಗ. ಬಡವ ಶ್ರೀಮಂತ ಅನ್ನುವ ಅಂತರ ಅಳಿಸುವಂಥದ್ದು ಅಂತ ಅರ್ಥ. 1848ರಲ್ಲಿ ಅಮೆರಿಕದ ಶಿಕ್ಷಣ ಸುಧಾರಕ ಹೊರೇಸ್ ಮ್ಯಾನ್ ವಿದ್ಯೆಯನ್ನು ಹಾಗೆ ಕರೆದದ್ದು. ನಮ್ಮ ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರೈಮರಿಯಲ್ಲಿ ತಾಯಿಭಾಷೆಯಲ್ಲಿ ಕಲಿಯುವ ಅನುಕೂಲ ಮಾಡ್ಬೇಕು ಅಂತ ಹೇಳುದರ ಹಿಂದೆ ಇರುದೂ ಇದೇ ವಿಚಾರ ಅಂತ ನನ್ನ ಅನಿಸಿಕೆ, ಪ್ರಬಂಧ ಬರೆಯುವಾಗ ಎರಡನ್ನೂ ಒಟ್ಟಿಗೆ ತಂದ್ರೆ ತೂಕ ಬರ್ತದೆ.

ಈಗ ನೀವು ಮಾಡಿ ನೋಡಿ

ಉತ್ತರ ಕೆಳಗೆ ಉಂಟು, ಮೊದಲು ಕೈಯಲ್ಲಿ ಮುಚ್ಚಿ ಓದಿ. ಒಂದು, ಪಂಪ್ ಹಾಳಾಗಿದೆ, ಸಮ ಮಾಡಿಸ್ಬೇಕು. ಎರಡು, ಸ್ಪ್ರಿಂಕ್ಲರಿನಲ್ಲಿ ಮೇಲಿನ ತಟ್ಟಿಗೂ ಕೆಳಗಿನ ತಟ್ಟಿಗೂ ನೀರಿನ ಪ್ರೆಷರ್ ಸಮ ಮಾಡ್ಬೇಕು. ಮೂರು, ಅವಳು ಅಕ್ಕನ ಮಾರ್ಕಿಗೆ ಸಮ ತೆಗೆದಳು. ನಾಲ್ಕು, ದುಡ್ಡೂ ಮರ್ಯಾದೆಯೂ ಒಂದೇ ಅಂತ ತಿಳ್ಕೊಳ್ಬೇಡ. ಐದು, ಎಲ್ಲ ಜಿಲ್ಲೆಗಳಲ್ಲೂ ಪ್ಲಸ್ ವನ್ ಸೀಟು ಸಮ ಮಾಡ್ಬೇಕು.

ಒಂದನೇದು ರಿಪೇರ್. ಎರಡನೇದು ಈಕ್ವಲೈಸ್, ತಟ್ಟು ಎರಡು, ಅಳತೆ ಪ್ರೆಷರ್, ವಾಲ್ವ್ ತಿರುಗಿಸಿ ಅಂತರ ತೆಗೀಬಹುದು. ಮೂರನೇದು ಈಕ್ವಲ್ಡ್, ಅಕ್ಕನ ಮಾರ್ಕು ಇದ್ದಲ್ಲೇ ಉಂಟು, ಇವಳು ಅಲ್ಲಿಗೆ ಮುಟ್ಟಿದ್ದು. ನಾಲ್ಕನೇದು ಇಕ್ವೇಟ್. ಐದನೇದರಲ್ಲಿ ಈಕ್ವಲೈಸ್ ಹೌದು, ಆದ್ರೆ ಎರಡನೇ ಪ್ರಶ್ನೆಗೆ ಉತ್ತರ ಸರಿಯಾಗಿ ಕೊಡ್ಬೇಕು, ಅಳತೆ ಎಂತದ್ದು? ಈಕ್ವಲೈಸ್ ದಿ ನಂಬರ್ ಆಫ್ ಸೀಟ್ಸ್ ಅಂತ ಬರೆದ್ರೆ ಮಕ್ಕಳು ಜಾಸ್ತಿ ಇರುವ ಮಲಪ್ಪುರಕ್ಕೂ ಕಮ್ಮಿ ಇರುವ ವಯನಾಡಿಗೂ ಒಂದೇ ಸಂಖ್ಯೆ ಸೀಟು ಅಂತ ಆಗ್ತದೆ, ನಾವು ಕೇಳುದು ಅದಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಮಕ್ಕಳಲ್ಲಿ ನೂರಕ್ಕೆ ಎಷ್ಟು ಸೀಟು ಅನ್ನುದನ್ನು ಸಮ ಮಾಡಿ ಅಂತ ಕೇಳುದು, ಹಾಗಾಗಿ ಈಕ್ವಲೈಸ್ ದಿ ರೇಷಿಯೋ ಆಫ್ ಸೀಟ್ಸ್ ಟು ಸ್ಟೂಡೆಂಟ್ಸ್ ಅಕ್ರಾಸ್ ಡಿಸ್ಟ್ರಿಕ್ಟ್ಸ್. ಇಲ್ಲಿ ಕಾಣುವ ಟು ರೇಷಿಯೋದ್ದು, ಈಕ್ವಲೈಸಿನದ್ದಲ್ಲ.